ರಕ್ತದಾನಕ್ಕೆ ಹೋದೆ, ಹೆಪಟೈಟಿಸ್ ಬಿ ಅಂದರು. ಈಗ ಏನು ಮಾಡಲಿ?

ಕಾಗದದ ದೋಣಿ
ವಯಸ್ಸು 45. ಜೀವನದಲ್ಲಿ ಮೊದಲ ಸಲ ರಕ್ತದಾನ ಮಾಡಿದೆ. ಮೊನ್ನೆ ಫೋನ್ ಬಂತು, ನಿಮ್ಮ ರಕ್ತ ಬಳಸಲು ಆಗುವುದಿಲ್ಲ, ಬಂದು ಹೋಗಿ ಅಂತ. ಹೋದರೆ ಒಂದು ಚೀಟಿ ಕೊಟ್ಟರು. ಅದರಲ್ಲಿ ಇದ್ದದ್ದು ಒಂದೇ ಸಾಲು: ಎಚ್‌ಬಿಎಸ್‌ಎಜಿ ರಿಯಾಕ್ಟಿವ್. ಲಿವರ್ ಡಾಕ್ಟರನ್ನು ನೋಡಿ ಅಂದರು. ಎರಡು ನಿಮಿಷಕ್ಕೆ ಮಾತು ಮುಗಿಯಿತು.

ನನಗೆ ಒಂದು ದಿನವೂ ಕಾಮಾಲೆ ಆಗಿಲ್ಲ. ಸುಸ್ತಿಲ್ಲ, ಹೊಟ್ಟೆ ನೋವಿಲ್ಲ, ಕುಡಿಯುವ ಅಭ್ಯಾಸವೂ ಇಲ್ಲ. ಡಾಕ್ಟರ್ ಸಿಗುವುದು ಇನ್ನು ಎಂಟು ದಿನಕ್ಕೆ. ಅಷ್ಟರಲ್ಲಿ ನೆಟ್‌ನಲ್ಲಿ ಓದಿ ಓದಿ ನಿದ್ದೆ ಹಾರಿಹೋಗಿದೆ. ನನ್ನ ತಟ್ಟೆ ಲೋಟ ಬೇರೆ ಮಾಡಿಕೊಂಡಿದ್ದೇನೆ. ಮಗಳನ್ನು ಎತ್ತಿಕೊಳ್ಳುವುದಕ್ಕೂ ಭಯ. ಇದು ಎಲ್ಲಿಂದ ಬಂತು? ಮನೆಯವರಿಗೆ ಹರಡಿರುತ್ತದಾ? ವಾಸಿಯಾಗುತ್ತಾ?

ಹನ್ನೊಂದನೇ ವರ್ಷ
ಮೊದಲು ತಟ್ಟೆ ಲೋಟ ವಾಪಸ್ ಇಡಿ. ಆಮೇಲೆ ಹೋಗಿ ಮಗಳನ್ನು ಎತ್ತಿಕೊಳ್ಳಿ. ಉಳಿದದ್ದು ಆಮೇಲೆ ಮಾತಾಡೋಣ.

ಇದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿಗೆ ಬರುವ ವೈರಸ್. ಒಟ್ಟಿಗೆ ಊಟ ಮಾಡಿದರೆ, ಅಪ್ಪಿಕೊಂಡರೆ, ಕೆಮ್ಮಿದರೆ, ಒಂದೇ ಬಚ್ಚಲು ಬಳಸಿದರೆ ಬರುವುದಿಲ್ಲ. ನಾನೂ ಮೊದಲ ಎರಡು ತಿಂಗಳು ಮನೆಯಲ್ಲಿ ಅಸ್ಪೃಶ್ಯನ ಹಾಗೆ ಬದುಕಿದೆ. ಯಾರೂ ಹೇಳಿರಲಿಲ್ಲ, ನಾನೇ ಮಾಡಿಕೊಂಡದ್ದು. ಸುಮ್ನೆ ಕಳೆದುಕೊಂಡ ಎರಡು ತಿಂಗಳು.

ಬೇರೆ ಇಡಬೇಕಾದ್ದು ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ, ಕಿವಿ ಚುಚ್ಚುವ ಸೂಜಿಯಂಥವು. ಒಂದು ಹನಿ ರಕ್ತ ಅಂಟಬಹುದಾದ ಯಾವುದನ್ನೂ ಹಂಚಿಕೊಳ್ಳಬೇಡಿ. ಹೆಂಡತಿಯ ರಿಪೋರ್ಟ್ ಬರುವವರೆಗೆ ಕಾಂಡೋಮ್ ಬಳಸಿ.

ರಾತ್ರಿ ಪಾಳಿ
ನರ್ಸ್ ಆಗಿ ಒಂದು ಮಾತು ಸೇರಿಸುತ್ತೇನೆ. ಈ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರುತ್ತದೆ. ಕಣ್ಣಿಗೆ ಕಾಣದ ಕಲೆಯಾದರೂ ಸಾಕು. ನೆಲಕ್ಕೆ ರಕ್ತ ಬಿದ್ದರೆ ಗ್ಲೌಸ್ ಹಾಕಿ ಒರೆಸಿ. ಆಮೇಲೆ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಆ ಜಾಗ ತೊಳೆಯಿರಿ. ಗಾಯವಾದರೆ ಬ್ಯಾಂಡೇಜ್ ಹಾಕಿ. ಮನೆಯಲ್ಲಿ ಇಷ್ಟು ಸಾಕು.

ಲ್ಯಾಬ್ ಕೋಟು
ದೋಣಿಯವರೇ, ಆ ಒಂದು ಸಾಲು ಹೇಳುವುದು ಇಷ್ಟೇ: ವೈರಸ್‌ನ ಮೇಲ್ಮೈ ಪ್ರೋಟೀನ್ ನಿಮ್ಮ ರಕ್ತದಲ್ಲಿ ಸಿಕ್ಕಿದೆ. ಸೋಂಕು ಹೊಸದಾ ಹಳೆಯದಾ, ಲಿವರ್ ಕೆಟ್ಟಿದೆಯಾ ಇಲ್ಲವಾ, ಔಷಧಿ ಬೇಕಾ ಬೇಡವಾ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಡಾಕ್ಟರ್ ಮುಂದೆ ಬರೆದುಕೊಡುವ ಪರೀಕ್ಷೆಗಳು ಸುಮಾರಾಗಿ ಇವೇ ಇರುತ್ತವೆ: ಆಂಟಿ-ಎಚ್‌ಬಿಸಿ ಐಜಿಎಂ (ಸೋಂಕು ಹೊಸದಾ ಅಂತ ನೋಡಲು), ಎಚ್‌ಬಿಇಎಜಿ (ವೈರಸ್ ಜೋರಾಗಿ ಹೆಚ್ಚುತ್ತಿದೆಯಾ ಅಂತ ನೋಡಲು), ಎಚ್‌ಬಿವಿ ಡಿಎನ್‌ಎ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಲೆಕ್ಕ), ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾಗುತ್ತಿದ್ದರೆ ಏರುವ ಅಂಕಿ; ಕೆಲವು ಕಡೆ ಎಎಲ್‌ಟಿ ಅಂತ ಬರೆದಿರುತ್ತಾರೆ, ಎರಡೂ ಒಂದೇ), ಪ್ಲೇಟ್‌ಲೆಟ್ ಎಣಿಕೆ, ಅಲ್ಟ್ರಾಸೌಂಡ್, ಸಾಧ್ಯವಾದರೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಡುಸಾಗಿದೆ ಅಂತ ಅಳೆಯುವ ಸ್ಕ್ಯಾನ್). ಜೊತೆಗೆ ಎಚ್‌ಐವಿ, ಹೆಪಟೈಟಿಸ್ ಸಿ ಮತ್ತು ಹೆಪಟೈಟಿಸ್ ಡಿ. ಡಿ ವೈರಸ್ ಬಿ ಇದ್ದವರನ್ನು ಮಾತ್ರ ಹಿಡಿಯುತ್ತದೆ. ಬಿ ಹೆಗಲ ಮೇಲೆ ಕೂತೇ ಅದು ಬರಬೇಕು.

ಎಚ್‌ಬಿಎಸ್‌ಎಜಿ ಆರು ತಿಂಗಳು ದಾಟಿಯೂ ಹೋಗದೆ ಉಳಿದರೆ ಅದಕ್ಕೆ ದೀರ್ಘಕಾಲದ ಸೋಂಕು ಅನ್ನುತ್ತಾರೆ. ಇತ್ತೀಚೆಗೆ ಲಸಿಕೆ ಏನಾದರೂ ಹಾಕಿಸಿಕೊಂಡಿದ್ದಿರಾ? ಲಸಿಕೆಯಲ್ಲಿ ಇರುವುದೂ ಅದೇ ಪ್ರೋಟೀನ್. ಹಾಗಾಗಿ ಚುಚ್ಚಿಸಿಕೊಂಡ 18 ದಿನದವರೆಗೂ ಸುಳ್ಳು ಪಾಸಿಟಿವ್ ಬರಬಹುದು. ಇದರಿಂದ ಅತ್ತವರನ್ನು ನೋಡಿದ್ದೇನೆ.

ಕಾಗದದ ದೋಣಿ
ಇಲ್ಲ, ಯಾವ ಲಸಿಕೆಯೂ ಹಾಕಿಸಿಲ್ಲ. ತಟ್ಟೆ ವಾಪಸ್ ಇಟ್ಟೆ. ಮಗಳು ಹೆಗಲ ಮೇಲೆ ಇದ್ದಾಳೆ. ಅವಳಿಗೆ ಹುಟ್ಟಿದಾಗಲೇ ಲಸಿಕೆ ಆಗಿತ್ತು, ಕಾರ್ಡಿನಲ್ಲಿ ಇದೆ.

ಪ್ರಶ್ನೆ ಮಾರ್ಕು
ಇಷ್ಟೊಂದು ಟೆಸ್ಟ್ ಯಾಕೆ? ನನ್ನ ಗೆಳೆಯನಿಗೆ ಇದೇ ಕಾಯಿಲೆ ಬಂದಿತ್ತು. ಕಣ್ಣೆಲ್ಲ ಹಳದಿ. ಗಿಡಮೂಲಿಕೆ ಪುಡಿ ತಿಂದ, ಮೂರು ತಿಂಗಳಿಗೆ ನೆಗೆಟಿವ್ ಬಂತು. ಹಿತ್ತಲ ಗಿಡ ಮದ್ದಲ್ಲ ಅನ್ನುವವರೇ ಎಲ್ಲ.

ಲ್ಯಾಬ್ ಕೋಟು
ನಿಮ್ಮ ಗೆಳೆಯ ವಾಸಿಯಾದದ್ದು ನಿಜ ಇರಬಹುದು. ಆದರೆ ದೊಡ್ಡವರಾದ ಮೇಲೆ ಹೊಸದಾಗಿ ಸೋಂಕು ತಗುಲಿದರೆ 100ರಲ್ಲಿ 95ಕ್ಕಿಂತ ಹೆಚ್ಚು ಜನರ ದೇಹ ತಾನಾಗಿಯೇ ವೈರಸ್ ಅನ್ನು ಹೊರಹಾಕುತ್ತದೆ. ಪುಡಿ ತಿಂದರೂ ಅಷ್ಟೇ, ತಿನ್ನದಿದ್ದರೂ ಅಷ್ಟೇ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಹೆಸರು ಪುಡಿಗೆ ಬಂತು.

ಹುಟ್ಟುವಾಗ ತಗುಲಿದವರ ಕಥೆ ಪೂರ್ತಿ ಉಲ್ಟಾ. ಅವರಲ್ಲಿ 100ಕ್ಕೆ 90ಕ್ಕೂ ಹೆಚ್ಚು ಮಂದಿಯಲ್ಲಿ ವೈರಸ್ ಉಳಿದುಬಿಡುತ್ತದೆ. ಮಗುವಿನ ದೇಹಕ್ಕೆ ಇದು ಶತ್ರು ಅಂತ ಗೊತ್ತಾಗುವುದೇ ಇಲ್ಲ. ಜಗಳವಿಲ್ಲ, ಹಾಗಾಗಿ ಕಾಮಾಲೆಯೂ ಇಲ್ಲ. ಕಣ್ಣು ಹಳದಿಯಾದವನು ಹೆಚ್ಚಾಗಿ ಗೆದ್ದು ಹೊರಬರುತ್ತಾನೆ, ಏನೂ ಆಗದೆ ಓಡಾಡುತ್ತಿದ್ದವನಲ್ಲಿ ಅದು ನಲವತ್ತು ವರ್ಷ ಕೂತಿರುತ್ತದೆ. ವಿಚಿತ್ರ ಅಲ್ವಾ?

ರಾತ್ರಿ ಪಾಳಿ
ಪುಡಿಯಿಂದಲೇ ಲಿವರ್ ಕೆಡಿಸಿಕೊಂಡು ಬಂದವರನ್ನೂ ವಾರ್ಡಿನಲ್ಲಿ ನೋಡಿದ್ದೇನೆ. ಒಳಗೆ ಏನಿದೆ ಅಂತ ಬರೆದಿರದ ಯಾವ ಪುಡಿಯೂ, ಯಾವ ‘ಲಿವರ್ ಟಾನಿಕ್ಕೂ’ ಬೇಡ. ಮದ್ಯವೂ ಬೇಡ, ಸ್ವಲ್ಪವೂ ಬೇಡ. ಪ್ಯಾರಾಸಿಟಮಾಲ್‌ಗೂ ಮಿತಿ ಇದೆ, ಡಾಕ್ಟರನ್ನು ಕೇಳಿ ತಗೊಳ್ಳಿ.

ಕಾಗದದ ದೋಣಿ
ಹೆಂಡತಿಯ ರಿಪೋರ್ಟ್ ಬಂತು. ಆಂಟಿ-ಎಚ್‌ಬಿಎಸ್ ಪಾಸಿಟಿವ್, 240. ಅವಳಿಗೂ ಕೊಟ್ಟುಬಿಟ್ಟೆ. ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ.

ಲ್ಯಾಬ್ ಕೋಟು
ನಿಲ್ಲಿ, ನಿಲ್ಲಿ. ಒಳ್ಳೆಯ ಸುದ್ದಿ ಕೈಯಲ್ಲಿ ಹಿಡಿದುಕೊಂಡು ಅಳುತ್ತಿದ್ದೀರಿ!

ಎಚ್‌ಬಿಎಸ್‌ಎಜಿ ಅಂದರೆ ವೈರಸ್‌ನ ತುಣುಕು. ಆಂಟಿ-ಎಚ್‌ಬಿಎಸ್ ಅಂದರೆ ಆ ತುಣುಕನ್ನು ಹಿಡಿದುಹಾಕುವ ಪ್ರತಿಕಾಯ. ಒಬ್ಬ ಕಳ್ಳ, ಇನ್ನೊಬ್ಬ ಪೊಲೀಸ್. ಎರಡಕ್ಕೂ ‘ಪಾಸಿಟಿವ್’ ಅಂತಲೇ ಅಚ್ಚು ಹಾಕುತ್ತಾರೆ, ಕೆಲವು ಲ್ಯಾಬುಗಳು ಎರಡನ್ನೂ ಕೆಂಪು ಅಕ್ಷರದಲ್ಲೇ ಕೊಡುತ್ತವೆ. ನನಗೆ ಇದರ ಮೇಲೆ ಹಳೇ ಸಿಟ್ಟು. 10ಕ್ಕಿಂತ ಮೇಲಿದ್ದರೆ ರಕ್ಷಣೆ ಇದೆ ಅಂತ ಲೆಕ್ಕ. ಅವರದು 240.

ಅವರಿಗೆ ಎಚ್‌ಬಿಎಸ್‌ಎಜಿ ಮತ್ತು ಒಟ್ಟು ಆಂಟಿ-ಎಚ್‌ಬಿಸಿ (ವೈರಸ್‌ನ ಒಳತಿರುಳಿನ ವಿರುದ್ಧದ ಪ್ರತಿಕಾಯ) ಮಾಡಿಸಿದ್ದೀರಾ? ಮೂರೂ ಒಟ್ಟಿಗೆ ಇದ್ದರೆ ಮಾತ್ರ ಚಿತ್ರ ಪೂರ್ತಿಯಾಗುತ್ತದೆ. ಇಲ್ಲದಿದ್ದರೆ ಒಂದು ಪುಟ ಹರಿದ ಪುಸ್ತಕ ಓದಿದ ಹಾಗೆ.

ಕಾಗದದ ದೋಣಿ
ಮಾಡಿಸಿದೆವು. ಎಚ್‌ಬಿಎಸ್‌ಎಜಿ ನೆಗೆಟಿವ್. ಆಂಟಿ-ಎಚ್‌ಬಿಸಿ ಪಾಸಿಟಿವ್. ಮಗಳಿಗೆ ಎಚ್‌ಬಿಎಸ್‌ಎಜಿ ನೆಗೆಟಿವ್.

ಲ್ಯಾಬ್ ಕೋಟು
ಹಾಗಾದರೆ ನಿಮ್ಮ ಹೆಂಡತಿಗೆ ಯಾವಾಗಲೋ ಸೋಂಕು ತಗುಲಿದೆ, ಅವರ ದೇಹ ಅದನ್ನು ಸೋಲಿಸಿ ಮಲಗಿಸಿದೆ. ಬರೀ ಲಸಿಕೆಯಿಂದ ಬಂದ ರಕ್ಷಣೆಯಾಗಿದ್ದರೆ ಆಂಟಿ-ಎಚ್‌ಬಿಸಿ ನೆಗೆಟಿವ್ ಇರುತ್ತಿತ್ತು. ಲಸಿಕೆಯಲ್ಲಿ ವೈರಸ್‌ನ ಒಳತಿರುಳು ಇರುವುದಿಲ್ಲ, ಹಾಗಾಗಿ ಅದರ ವಿರುದ್ಧ ಪ್ರತಿಕಾಯವೂ ಹುಟ್ಟುವುದಿಲ್ಲ. ಅವರಿಗೆ ಲಸಿಕೆ ಬೇಡ. ದಿನನಿತ್ಯದ ಬದುಕಿನಲ್ಲಿ ಅವರಿಂದ ಯಾರಿಗೂ ಹರಡುವುದಿಲ್ಲ.

ಒಂದು ಮಾತು ಮಾತ್ರ ಫೈಲಿನಲ್ಲಿ ಬರೆದಿಡಿ. ಮುಂದೆ ಎಂದಾದರೂ ಕೀಮೋಥೆರಪಿ, ರಿಟುಕ್ಸಿಮ್ಯಾಬ್‌ನಂಥ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಬೇಕಾದರೆ ‘ಆಂಟಿ-ಎಚ್‌ಬಿಸಿ ಪಾಸಿಟಿವ್’ ಅಂತ ಮೊದಲೇ ಹೇಳಬೇಕು. ಕಾವಲು ಸಡಿಲವಾದರೆ ಮಲಗಿದ್ದ ವೈರಸ್ ಏಳಬಹುದು. ಅದನ್ನು ತಡೆಯುವುದಕ್ಕೆ ಮಾತ್ರೆ ಇದೆ.

ಕಾಗದದ ದೋಣಿ
ಓದಿ ಹೇಳಿದೆ. ‘ನೋಡಿ, ನಿಮಗಿಂತ ನಾನೇ ಗಟ್ಟಿ’ ಅಂದಳು. ಹದಿನೈದು ದಿನದಲ್ಲಿ ಮೊದಲ ಸಲ ಮನೆಯಲ್ಲಿ ನಗು.

ನೀಲಿ ಕೊಡೆ
ನಡುವೆ ಬಂದದ್ದಕ್ಕೆ ಕ್ಷಮಿಸಿ. ನನಗೆ 24ನೇ ವಾರ. ಎಚ್‌ಬಿಎಸ್‌ಎಜಿ ಪಾಸಿಟಿವ್, ಡಿಎನ್‌ಎ 3 ಕೋಟಿಗಿಂತ ಜಾಸ್ತಿ. 28ನೇ ವಾರದಿಂದ ಟೆನೊಫೊವಿರ್ (ವೈರಸ್ ತಗ್ಗಿಸುವ ಮಾತ್ರೆ) ಶುರು ಮಾಡೋಣ ಅಂದಿದ್ದಾರೆ. ಹೊಟ್ಟೆಯಲ್ಲಿ ಮಗು ಇರುವಾಗ ಮಾತ್ರೆ ನುಂಗಲು ಮನಸ್ಸು ಒಪ್ಪುತ್ತಿಲ್ಲ. ಸಿಸೇರಿಯನ್ ಮಾಡಿಸಿಕೊಂಡರೆ ಮಗು ಪಾರಾಗುವುದಿಲ್ಲವೇ?

ರಾತ್ರಿ ಪಾಳಿ
ಇದಕ್ಕೆ ಉದ್ದ ಉತ್ತರ ಬೇಕು, ಕೂತು ಬರೆಯುತ್ತಿದ್ದೇನೆ.

ಬರೀ ಹೆಪಟೈಟಿಸ್ ಬಿ ಕಾರಣಕ್ಕೆ ಸಿಸೇರಿಯನ್ ಬೇಡ. ಮಗುವನ್ನು ಕಾಯುವುದು ಹೆರಿಗೆಯ ಬಗೆ ಅಲ್ಲ, ಎರಡು ಚುಚ್ಚುಮದ್ದು. ಒಂದು ಲಸಿಕೆ, ಹುಟ್ಟಿದ ಕೂಡಲೇ, ತಡ ಅಂದರೆ 24 ಗಂಟೆಯೊಳಗೆ. ನಿಮ್ಮ ಮಗುವಿನ ವಿಷಯದಲ್ಲಿ 12 ಗಂಟೆಯೊಳಗೇ ಆಗಬೇಕು. ಇನ್ನೊಂದು ಹೆಪಟೈಟಿಸ್ ಬಿ ಇಮ್ಯುನೊಗ್ಲಾಬ್ಯುಲಿನ್, ಅದೂ 12 ಗಂಟೆಯೊಳಗೆ, ಇನ್ನೊಂದು ತೊಡೆಗೆ. ಇಮ್ಯುನೊಗ್ಲಾಬ್ಯುಲಿನ್ ಅಂದರೆ ಬೇರೆಯವರಿಂದ ಎರವಲು ತಂದ ಸಿದ್ಧ ಪ್ರತಿಕಾಯ. ಲಸಿಕೆ ಕೆಲಸ ಶುರು ಮಾಡುವವರೆಗೆ ಬಾಗಿಲು ಕಾಯುತ್ತದೆ.

ಸಾಮಾನ್ಯವಾಗಿ ಇವೆರಡೇ ಸಾಕಾಗುತ್ತವೆ. ಆದರೆ ತಾಯಿಯ ಡಿಎನ್‌ಎ 2 ಲಕ್ಷ ದಾಟಿದ್ದರೆ ಕೆಲವು ಮಕ್ಕಳಿಗೆ ಇವನ್ನು ಮೀರಿಯೂ ಸೋಂಕು ತಗುಲುತ್ತದೆ. ನಿಮ್ಮದು 3 ಕೋಟಿ. ಮಾತ್ರೆ ಅದಕ್ಕಾಗಿ. ಹೆರಿಗೆಯ ಹೊತ್ತಿಗೆ ಆ ಅಂಕಿಯನ್ನು ಕೆಳಗಿಳಿಸಬೇಕು. ಟೆನೊಫೊವಿರ್ ಡೈಸೊಪ್ರಾಕ್ಸಿಲ್ ಅನ್ನು ಗರ್ಭಿಣಿಯರಿಗೆ ಎಷ್ಟೋ ವರ್ಷದಿಂದ ಕೊಡುತ್ತಿದ್ದಾರೆ, ಎಚ್‌ಐವಿ ಇರುವ ತಾಯಂದಿರಿಗೂ ಅದೇ. ಮಗುವಿಗೆ ತೊಂದರೆ ಮಾಡಿದ ಲಕ್ಷಣ ಕಂಡಿಲ್ಲ. ಎದೆಹಾಲು ಕೊಡಬಹುದು, ಮಾತ್ರೆ ತಗೊಳ್ಳುತ್ತಿದ್ದರೂ ಕೊಡಬಹುದು.

ಈಗ ಮಾಡಬೇಕಾದ ಕೆಲಸ: ಹೆರಿಗೆ ಮಾಡಿಸುವ ಕಡೆ ಇಮ್ಯುನೊಗ್ಲಾಬ್ಯುಲಿನ್ ಸ್ಟಾಕ್ ಇದೆಯಾ ಅಂತ ಇವತ್ತೇ ಕೇಳಿ. ಮಕ್ಕಳು ಗಂಟೆ ನೋಡಿ ಹುಟ್ಟುವುದಿಲ್ಲ. ರಾತ್ರಿ ಎರಡಕ್ಕೆ ಹುಟ್ಟಿ, ಔಷಧಿ ಬೆಳಿಗ್ಗೆ ಹತ್ತಕ್ಕೆ ತರಿಸುವ ಹಾಗೆ ಆಗಬಾರದು. ಫೈಲಿನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ.

ಲ್ಯಾಬ್ ಕೋಟು
ಮತ್ತೆ ಮಗುವಿನ ರಕ್ತ ಪರೀಕ್ಷೆಗೆ ಅವಸರ ಮಾಡಬೇಡಿ. ಲಸಿಕೆಯ ಎಲ್ಲ ಡೋಸ್ ಮುಗಿದು, 9ರಿಂದ 12ನೇ ತಿಂಗಳಲ್ಲಿ ಎಚ್‌ಬಿಎಸ್‌ಎಜಿ ಮತ್ತು ಆಂಟಿ-ಎಚ್‌ಬಿಎಸ್ ಮಾಡಿಸಿ. ಅದಕ್ಕೂ ಮೊದಲು ಮಾಡಿದರೆ ಆ ಎರವಲು ಪ್ರತಿಕಾಯವೇ ಪರೀಕ್ಷೆಯಲ್ಲಿ ಕಾಣುತ್ತದೆ. ತಾಯಿಯ ಆಂಟಿ-ಎಚ್‌ಬಿಸಿಯಂತೂ ಮಗುವಿನ ರಕ್ತದಲ್ಲಿ ಒಂದು ವರ್ಷಕ್ಕೂ ಹೆಚ್ಚು ಉಳಿಯಬಹುದು, ಅದನ್ನು ಮಾಡಿಸಲೇಬೇಡಿ.

ಅರ್ಧ ಡೋಸು
ಕಾಲೇಜಿನಲ್ಲಿದ್ದಾಗ ಎರಡು ಡೋಸ್ ಲಸಿಕೆ ಹಾಕಿಸಿದ್ದೆ, ಮೂರನೆಯದು ಮರೆತೇಹೋಯಿತು. ನಾಲ್ಕು ವರ್ಷ ಆಯಿತು. ಮತ್ತೆ ಮೊದಲಿನಿಂದ ಶುರು ಮಾಡಬೇಕಾ?

ರಾತ್ರಿ ಪಾಳಿ
ಬೇಡ. ಬಿಟ್ಟಲ್ಲಿಂದ ಮುಂದುವರಿಸಿ, ಮೂರನೆಯದು ಹಾಕಿಸಿಕೊಳ್ಳಿ. ಮಾಮೂಲು ಲೆಕ್ಕ 0, 1, 6 ತಿಂಗಳು.

ಆರೋಗ್ಯವಾಗಿರುವ ಎಲ್ಲರೂ ಆಮೇಲೆ ಪ್ರತಿಕಾಯ ಅಳೆಸಬೇಕು ಅಂತಿಲ್ಲ. ನಮ್ಮಂಥ ಆಸ್ಪತ್ರೆ ಕೆಲಸದವರು, ಡಯಾಲಿಸಿಸ್‌ನಲ್ಲಿ ಇರುವವರು, ಸೋಂಕಿತರ ಸಂಗಾತಿಗಳು ಮಾತ್ರ ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ನೋಡಿಕೊಳ್ಳಬೇಕು. ಲಸಿಕೆ ಹಾಕಿಸಿದರೂ ಪ್ರತಿಕಾಯ ಬರದವರು ಕೆಲವರು ಇರುತ್ತಾರೆ. ನನಗೇ ಮೊದಲ ಸಲ ಬರಲಿಲ್ಲ, ಇನ್ನೊಂದು ಸುತ್ತು ಹಾಕಿಸಿಕೊಂಡ ಮೇಲೆ ಬಂತು. ಆರೋಗ್ಯವಂತರಲ್ಲಿ ಒಮ್ಮೆ 10 ದಾಟಿ, ವರ್ಷಗಳ ಮೇಲೆ ಇಳಿದರೆ ಗಾಬರಿ ಬೇಡ. ದೇಹಕ್ಕೆ ನೆನಪು ಇರುತ್ತದೆ.

ಲಸಿಕೆ ಇಲ್ಲದವರಿಗೆ ಸೂಜಿ ಚುಚ್ಚಿದರೆ ಅಥವಾ ಸೋಂಕಿತರ ರಕ್ತ ಗಾಯಕ್ಕೆ ತಾಗಿದರೆ ಕಾಯಬೇಡಿ. ಸೋಪು ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. 24 ಗಂಟೆಯೊಳಗೆ ಲಸಿಕೆ ಮತ್ತು ಇಮ್ಯುನೊಗ್ಲಾಬ್ಯುಲಿನ್ ಸಿಕ್ಕರೆ ಸೋಂಕು ತಡೆಯುವ ಅವಕಾಶ ಚೆನ್ನಾಗಿದೆ.

ಕಾಗದದ ದೋಣಿ
ಡಾಕ್ಟರನ್ನು ನೋಡಿ ಬಂದೆ. ಐಜಿಎಂ ನೆಗೆಟಿವ್, ಎಚ್‌ಬಿಇಎಜಿ ನೆಗೆಟಿವ್, ಡಿಎನ್‌ಎ 1,850, ಎಸ್‌ಜಿಪಿಟಿ 24, ಫೈಬ್ರೋಸ್ಕ್ಯಾನ್ 5.2. ಹಳೆಯ ಸೋಂಕು, ಸದ್ಯಕ್ಕೆ ಮಾತ್ರೆ ಬೇಡ, ಮೂರು ತಿಂಗಳಿಗೆ ಮತ್ತೆ ಬನ್ನಿ ಅಂದರು. ಇದು ನನಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಕಾಣುತ್ತಿದೆ. ವೈರಸ್ ಇದೆ ಅಂತ ಗೊತ್ತು, ಔಷಧಿಯೂ ಇದೆ, ಹಾಗಿದ್ದರೂ ಕೊಡುವುದಿಲ್ಲ ಅಂದರೆ?

ಹನ್ನೊಂದನೇ ವರ್ಷ
ನನಗೂ ಇದೇ ಸಿಟ್ಟು ಬಂದಿತ್ತು.

ವೈರಸ್ ಲಿವರ್ ಕೋಶದ ನ್ಯೂಕ್ಲಿಯಸ್ ಒಳಗೆ ಹೋಗಿ ಉಂಗುರದ ಹಾಗೆ ಸುತ್ತಿದ ಡಿಎನ್‌ಎ ಆಗಿ ಕೂರುತ್ತದೆ. ಅದು ಮೂಲ ಪ್ರತಿ ಅಂದುಕೊಳ್ಳಿ. ಮಾತ್ರೆ ನಿಲ್ಲಿಸುವುದು ಜೆರಾಕ್ಸ್ ಮಷಿನನ್ನು. ಮೂಲ ಪ್ರತಿ ಬೀರುವಿನಲ್ಲಿ ಹಾಗೇ ಇರುತ್ತದೆ. ಅದಕ್ಕೇ ಶುರು ಮಾಡಿದರೆ ಹೆಚ್ಚಿನವರು ವರ್ಷಗಟ್ಟಲೆ, ಕೆಲವರು ಜೀವನಪೂರ್ತಿ ನುಂಗಬೇಕು. ಎಚ್‌ಬಿಎಸ್‌ಎಜಿಯೇ ಮಾಯವಾಗುವುದು ಮಾತ್ರೆಯಿಂದ ಅಪರೂಪ. ನಿಮ್ಮ ಮಷಿನ್ ಸದ್ಯಕ್ಕೆ ಬಹುತೇಕ ತಾನಾಗಿಯೇ ಆಫ್ ಆಗಿದೆ, ಲಿವರ್ ಚೆನ್ನಾಗಿದೆ. ಆದರೆ ಅದು ಹಾಗೇ ಇರುತ್ತದೆ ಅಂತ ಗ್ಯಾರಂಟಿ ಇಲ್ಲ. ಮೂರು ತಿಂಗಳಿಗೆ ಬನ್ನಿ ಅಂದದ್ದು ಅದಕ್ಕೇ. ‘ಮಾತ್ರೆ ಬೇಡ’ ಅಂದದ್ದನ್ನು ‘ಏನೂ ಇಲ್ಲ’ ಅಂತ ಕೇಳಿಸಿಕೊಂಡು ಮನೆಗೆ ಹೋದವರೇ ಹತ್ತು ವರ್ಷದ ಮೇಲೆ ಸಿರೋಸಿಸ್ (ಲಿವರ್ ಗಾಯಗಟ್ಟಿ ಗಡುಸಾಗುವುದು) ಜೊತೆ ವಾಪಸ್ ಬರುವುದು.

ನನ್ನ ತಪ್ಪನ್ನೂ ಹೇಳುತ್ತೇನೆ. ನಾಲ್ಕನೇ ವರ್ಷ ಡಿಎನ್‌ಎ ‘ಪತ್ತೆಯಾಗಿಲ್ಲ’ ಅಂತ ಬಂತು. ವಾಸಿಯಾಯಿತು ಅಂದುಕೊಂಡು ಯಾರಿಗೂ ಹೇಳದೆ ಮಾತ್ರೆ ಬಿಟ್ಟೆ. ಮೂರು ತಿಂಗಳು ಏನೂ ಆಗಲಿಲ್ಲ. ನಾಲ್ಕನೇ ತಿಂಗಳು ಕಣ್ಣು ಹಳದಿ, ಎಸ್‌ಜಿಪಿಟಿ 1,400, ಹನ್ನೆರಡು ದಿನ ಆಸ್ಪತ್ರೆ. ಬದುಕಿದೆ. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. ಕೆಲವರಿಗೆ ನಿಲ್ಲಿಸಬಹುದು, ಆದರೆ ಅದನ್ನು ಡಾಕ್ಟರ್ ಕಣ್ಣೆದುರೇ ಮಾಡಬೇಕು.

ಪ್ರಶ್ನೆ ಮಾರ್ಕು
ವರ್ಷಗಟ್ಟಲೆ ನುಂಗಿದರೆ ಕಿಡ್ನಿ ಹೋಗುವುದಿಲ್ಲವಾ? ನಿಜವಾಗಿಯೇ ಕೇಳುತ್ತಿದ್ದೇನೆ, ಕೆಣಕಲು ಅಲ್ಲ.

ಹನ್ನೊಂದನೇ ವರ್ಷ
ಒಳ್ಳೆಯ ಪ್ರಶ್ನೆ. ಟೆನೊಫೊವಿರ್ ಡೈಸೊಪ್ರಾಕ್ಸಿಲ್ ಕೆಲವರಲ್ಲಿ ಕಿಡ್ನಿಗೂ ಮೂಳೆಗೂ ತೊಂದರೆ ಮಾಡಬಹುದು. ಅದಕ್ಕೇ ಆಗಾಗ ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ನೋಡುತ್ತಾರೆ. ತೊಂದರೆಯ ಸುಳಿವು ಸಿಕ್ಕರೆ ಟೆನೊಫೊವಿರ್ ಅಲಾಫೆನಮೈಡ್ ಅಥವಾ ಎಂಟೆಕವಿರ್‌ಗೆ ಬದಲಿಸುತ್ತಾರೆ. ನನ್ನದು ಎಂಟೆಕವಿರ್. ಅದನ್ನು ಖಾಲಿ ಹೊಟ್ಟೆಯಲ್ಲೇ ತಗೊಳ್ಳಬೇಕು, ಊಟವಾಗಿ ಎರಡು ಗಂಟೆ ಕಳೆದಿರಬೇಕು, ಮುಂದಿನ ಊಟಕ್ಕೂ ಎರಡು ಗಂಟೆ ಇರಬೇಕು. ನಾನು ಮಲಗುವಾಗ ನುಂಗುತ್ತೇನೆ. ಹಿಂದೆ ಲ್ಯಾಮಿವುಡಿನ್ ಅನ್ನುವ ಮಾತ್ರೆ ಮಾತ್ರ ಇದ್ದಾಗ ವೈರಸ್ ಬೇಗ ಅದಕ್ಕೆ ಒಗ್ಗಿಕೊಂಡು, ಮಾತ್ರೆಗೆ ಬಗ್ಗುತ್ತಿರಲಿಲ್ಲ. ಈಗಿನ ಮಾತ್ರೆಗಳಲ್ಲಿ ಆ ಕಾಟ ತೀರಾ ಕಡಿಮೆ.

ಕಾಗದದ ದೋಣಿ
ಡಾಕ್ಟರ್ ಹೇಳಿದರು ಅಂತ ಅಮ್ಮ, ಅಣ್ಣ ಇಬ್ಬರನ್ನೂ ಪರೀಕ್ಷೆ ಮಾಡಿಸಿದೆ. ಇಬ್ಬರೂ ಪಾಸಿಟಿವ್. ಅಣ್ಣನ ಡಿಎನ್‌ಎ 4 ಲಕ್ಷದ 80 ಸಾವಿರ, ಎಸ್‌ಜಿಪಿಟಿ 96, ಫೈಬ್ರೋಸ್ಕ್ಯಾನ್ 11. ಅವನಿಗೆ ಅವತ್ತೇ ಮಾತ್ರೆ ಶುರು ಮಾಡಿದರು. ನನ್ನ ಚೀಟಿ ಬರದಿದ್ದರೆ ಅವನು ಹೋಗುತ್ತಲೇ ಇರಲಿಲ್ಲ.

ಅಮ್ಮ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ‘ಇಬ್ಬರಿಗೂ ನಾನೇ ಕೊಟ್ಟೆ’ ಅಂತ ಒಂದೇ ಮಾತು. ಏನು ಹೇಳಿದರೂ ಕಿವಿಗೆ ಹೋಗುತ್ತಿಲ್ಲ. ಅವರಿಗೆ ಏನು ಹೇಳಲಿ?

ಲ್ಯಾಬ್ ಕೋಟು
ನೀವು ಹುಟ್ಟಿದ್ದು ಯಾವ ವರ್ಷ?

ಕಾಗದದ ದೋಣಿ
1980. ಅಣ್ಣ 1977.

ಲ್ಯಾಬ್ ಕೋಟು
ಈ ವೈರಸ್‌ನ ಸುಳಿವು ಅಮೆರಿಕದ ವಿಜ್ಞಾನಿ ಬ್ಲಂಬರ್ಗ್ ಅವರಿಗೆ ಸಿಕ್ಕಿದ್ದು 1960ರ ದಶಕದಲ್ಲಿ, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ. ಹಳೇ ಡಾಕ್ಟರುಗಳು ಈಗಲೂ ಎಚ್‌ಬಿಎಸ್‌ಎಜಿಯನ್ನು ‘ಆಸ್ಟ್ರೇಲಿಯಾ ಆಂಟಿಜೆನ್’ ಅನ್ನುವುದು ಅದಕ್ಕೇ. ಅವರಿಗೆ ನೊಬೆಲ್ ಬಂದದ್ದು 1976ರಲ್ಲಿ. ಅಮೆರಿಕದಲ್ಲಿ ಮೊದಲ ಲಸಿಕೆಗೆ ಒಪ್ಪಿಗೆ ಸಿಕ್ಕಿದ್ದು 1981ರಲ್ಲಿ. ಅಂದರೆ ನಿಮ್ಮ ಅಮ್ಮ ಇಬ್ಬರನ್ನೂ ಹೆತ್ತಾಗ ಆ ಲಸಿಕೆ ಅಂಗಡಿಗೆ ಬಂದೇ ಇರಲಿಲ್ಲ. ಅವರಿಗೂ ಬಹುಶಃ ಅವರ ಅಮ್ಮನಿಂದಲೇ ಬಂದಿರಬಹುದು. ಇದನ್ನು ತಾರೀಕಿನ ಸಮೇತ ಹೇಳಿ ನೋಡಿ. ನಮ್ಮ ಮನೆಯ ಹಿರಿಯರಿಗೆ ಸಮಾಧಾನದ ಮಾತಿಗಿಂತ ಲೆಕ್ಕ ಬೇಗ ತಾಗುತ್ತದೆ.

ಹನ್ನೊಂದನೇ ವರ್ಷ
ಅಮ್ಮನಿಗೆ ಅಲ್ಟ್ರಾಸೌಂಡ್ ಆಯಿತಾ? ಈ ವೈರಸ್ ಸಿರೋಸಿಸ್ ಆಗದೆಯೂ ಲಿವರ್ ಕ್ಯಾನ್ಸರ್ ತರಬಲ್ಲದು. ಸಿರೋಸಿಸ್ ಇರುವವರು, ಮನೆಯಲ್ಲಿ ಯಾರಿಗಾದರೂ ಲಿವರ್ ಕ್ಯಾನ್ಸರ್ ಆಗಿದ್ದವರು, ವಯಸ್ಸಾದವರು ಆರು ತಿಂಗಳಿಗೊಮ್ಮೆ ನೋಡಿಸಬೇಕು. ಅಣ್ಣನಿಗೂ ಕೇಳಿ, 11 ಅಂದರೆ ಸಣ್ಣ ಅಂಕಿ ಅಲ್ಲ.

ಕಾಗದದ ದೋಣಿ
ಆರು ತಿಂಗಳ ಮೇಲೆ ಬರೆಯುತ್ತಿದ್ದೇನೆ. ನನ್ನದು ಡಿಎನ್‌ಎ 1,420, ಎಸ್‌ಜಿಪಿಟಿ 26. ಎಚ್‌ಬಿಎಸ್‌ಎಜಿ ಹಾಗೇ ಇದೆ, ಮಾತ್ರೆ ಇಲ್ಲ. ಅಣ್ಣನ ಡಿಎನ್‌ಎ 210ಕ್ಕೆ ಇಳಿದಿದೆ. ಅಮ್ಮನ ಅಲ್ಟ್ರಾಸೌಂಡ್‌ನಲ್ಲಿ ಏನೂ ಕಂಡಿಲ್ಲ. 1981ರ ಲೆಕ್ಕ ಹೇಳಿದ ದಿನ ಸುಮ್ಮನೆ ಕೇಳಿಸಿಕೊಂಡರು. ಮರುದಿನ ಬೆಳಿಗ್ಗೆ ತಮ್ಮ ಇಬ್ಬರು ತಂಗಿಯರಿಗೆ ಫೋನ್ ಮಾಡಿ, ಇವತ್ತೇ ಹೋಗಿ ರಕ್ತ ಪರೀಕ್ಷೆ ಮಾಡಿಸಿ ಅಂತ ಗದರುತ್ತಿದ್ದರು.

ನೀಲಿ ಕೊಡೆ
ನಾನೂ ಹೇಳಿಬಿಡುತ್ತೇನೆ. ಹೆಣ್ಣು ಮಗು. ಹುಟ್ಟಿದ್ದು ರಾತ್ರಿ 2 ಗಂಟೆ 40 ನಿಮಿಷಕ್ಕೆ, ರಾತ್ರಿ ಪಾಳಿಯವರು ಶಕುನ ನುಡಿದ ಹಾಗೆ! ಔಷಧಿ ಮೊದಲೇ ತರಿಸಿಟ್ಟಿದ್ದರಿಂದ ಮೂರೂವರೆಗೆ ಎರಡೂ ಚುಚ್ಚಿ ಆಗಿತ್ತು. ಈಗ ಎರಡು ತಿಂಗಳು. ರಕ್ತ ಪರೀಕ್ಷೆ ಒಂದು ಸಲ ಈಗಲೇ ಮಾಡಿಸಿಬಿಡೋಣ ಅನ್ನಿಸುತ್ತಿದೆ, ಮನಸ್ಸು ತಡೆಯುತ್ತಿಲ್ಲ.

ಲ್ಯಾಬ್ ಕೋಟು
ಒಂಬತ್ತು ತಿಂಗಳು ತುಂಬಲಿ. ಅಲ್ಲಿಯವರೆಗೆ ಸೂಜಿ ಹಿಡಿದು ಬಂದರೆ ನಾನೇ ವಾಪಸ್ ಕಳಿಸುತ್ತೇನೆ.